ಬತ್ತಿಯ ಉದ್ದ

ಭೂಮಿಗೆ ಇನ್ನೂ ಯಾರೂ ಬೇಲಿ ಹಾಕಿರದ ಕಾಲದಲ್ಲಿ ಒಬ್ಬ ರಾಜನಿದ್ದನಂತೆ. ತನ್ನ ಜನ ಎಲ್ಲೆಲ್ಲಿ ನೆಲೆಸಿದ್ದಾರೆಂದು ಅವನಿಗೆ ತಿಳಿಯಬೇಕಿತ್ತು. ಮನೆಗೊಂದು ದೀಪ ಹಚ್ಚಿಸಿ, ಬೆಟ್ಟದ ಮೇಲೆ ನಿಂತು, ಬೆಳಕು ಮಸುಕಾಗುವಲ್ಲಿ ಗೆರೆ ಎಳೆ ಎಂದು ಮಂತ್ರಿಗೆ ಹೇಳಿದ. ಮಂತ್ರಿ ಬತ್ತಿಗಳನ್ನು ಉದ್ದ ಮಾಡಿಸಿಬಿಟ್ಟ. ಎರಡು ಊರುಗಳ ಬೆಳಕು ಬೆರೆತು ಒಂದೇ ಊರಿನಂತೆ ಕಂಡಿತು. ನಡುವಿನ ಕಂದರ ಯಾರ ಕಣ್ಣಿಗೂ ಬೀಳಲಿಲ್ಲ. ಅದರೊಳಗೆ ಮೊದಲು ಬಿದ್ದದ್ದು ರಾಜನ ಕುದುರೆ.

ಅಜ್ಜಿ ಈ ಕಥೆ ಹೇಳಿದಾಗಲೆಲ್ಲ ನಾನು ಕುದುರೆಗಾಗಿ ಅಳುತ್ತಿದ್ದೆ, ಅಜ್ಜಿಯ ಮಗ, ನನ್ನ ಮಾವ, ಪಕ್ಕದಲ್ಲಿ ಕೂತು ನಗುತ್ತಿದ್ದ.

ಇಂದು ಮಾವ ನಗುತ್ತಿರಲಿಲ್ಲ. ನಾನು ಕಂಪ್ಯೂಟರಿನಲ್ಲಿ ಲೆಕ್ಕ ನೋಡುವ ಆಸ್ಪತ್ರೆಯಲ್ಲೇ ಅವನು ಲಿಫ್ಟ್ ಮೆಕ್ಯಾನಿಕ್. ನಾಲ್ಕು ಗಂಟೆಗೆ ನಾಲ್ಕನೇ ಮಹಡಿಯಿಂದ ಒಬ್ಬ ರೋಗಿಯನ್ನು ಹಾಸಿಗೆಯ ಸಮೇತ ಆಪರೇಷನ್ನಿಗೆ ಇಳಿಸಬೇಕು. ಹಾಸಿಗೆ ಹಿಡಿಸುವುದು ಒಂದೇ ಲಿಫ್ಟಿನಲ್ಲಿ. ಸದ್ದು ಕೇಳಿ, ಅದರ ಬ್ರೇಕು ಜಾರುತ್ತಿದೆ ಎಂದು ಮಾವ ಬೆಳಗಿನಿಂದ ಹೇಳುತ್ತಿದ್ದ.

"ನಿಮ್ಮ ಕಿವಿ ನಂಬ್ಕೊಂಡು ಆಪರೇಷನ್ ಮುಂದೆ ಹಾಕೋಕಾಗುತ್ತೇನ್ರೀ?" ಎಂದರು ಮೇಲ್ವಿಚಾರಕರು. "ನಿಮ್ಮಕ್ಕನ ಮಗಳು ಇದಾಳಲ್ಲ, ಕಾಗದದ ಮೇಲೆ ತೋರಿಸ್ಲಿ."

"ನಾಲ್ಕರೊಳಗೆ ಗೆರೆ ಎಳೆದು ಕೊಡ್ತೀನಿ," ಎಂದು ಮಾತು ಕೊಟ್ಟೆ.

ಲಿಫ್ಟಿನ ಒಂದೊಂದು ಓಡಾಟವೂ ಪರದೆಯ ಮೇಲೆ ಒಂದೊಂದು ಚುಕ್ಕಿ. ಅಡ್ಡಕ್ಕೆ ಹೊತ್ತ ಭಾರ, ಉದ್ದಕ್ಕೆ ನಿಲ್ಲಲು ಹಿಡಿದ ಸಮಯ. ಕಳೆದ ವರ್ಷದ ಎರಡು ಸಾವಿರ ಚುಕ್ಕಿಗಳು ಎರಡು ಗುಂಪಾಗಿ ಕೂತಿದ್ದವು: ಕೆಳಗೆ ಹಗುರ ಓಡಾಟ, ಮೇಲೆ ಬಲಕ್ಕೆ ಹಾಸಿಗೆಯ ಓಡಾಟ. ಕಂಪ್ಯೂಟರು ಚುಕ್ಕಿಗೊಂದು ದೀಪ ಹಚ್ಚಿ, ಬೆಳಕನ್ನೆಲ್ಲ ಕೂಡಿಸಿ, ನೂರಕ್ಕೆ ತೊಂಬತ್ತೊಂಬತ್ತು ಒಳಗಿರುವಂತೆ ಗೆರೆ ಎಳೆಯಿತು. ಗೆರೆಯ ಹೊರಗೆ ಬಿದ್ದದ್ದು ಈ ಲಿಫ್ಟಿನ ಸ್ವಭಾವವಲ್ಲ.

ಎರಡು ಗುಂಪನ್ನೂ ಸೇರಿಸಿಕೊಂಡು ಸೋರೆಕಾಯಿಯಂಥ ಒಂದೇ ಗೆರೆ ಬಂತು. ನಿನ್ನೆಯ ಹನ್ನೊಂದು ಚುಕ್ಕಿಗಳು ಅದರ ಸೊಂಟದಲ್ಲಿದ್ದವು.

"ಒಳಗೇ ಇವೆಯಲ್ಲಮ್ಮ!" ಮೇಲ್ವಿಚಾರಕರು ಉಸಿರು ಬಿಟ್ಟರು.

ಆದರೆ ಆ ಚುಕ್ಕಿಗಳಲ್ಲಿ ಭಾರ ಹಾಸಿಗೆಯದಕ್ಕಿಂತ ಎಷ್ಟೋ ಕಡಿಮೆ, ನಿಲ್ಲಲು ಮಾತ್ರ ಹೆಚ್ಚುಕಡಿಮೆ ಹಾಸಿಗೆ ಹೊತ್ತಷ್ಟು ಹೊತ್ತು. ನನಗೆ ಕುದುರೆ ನೆನಪಾಯಿತು. ಒಂದೊಂದು ಚುಕ್ಕಿಯ ಬೆಳಕು ಎಷ್ಟು ದೂರ ಹರಡಬೇಕೆಂಬ ಅಳತೆಯನ್ನು, ಅಂದರೆ ಬತ್ತಿಯನ್ನು, ಗಿಡ್ಡ ಮಾಡಿದೆ. ಸೋರೆಕಾಯಿ ಎರಡು ಹೋಳಾಯಿತು, ಹನ್ನೊಂದೂ ಕತ್ತಲಿಗೆ ಬಿದ್ದವು.

"ಭಲೇ! ಇನ್ನೂ ಗಿಡ್ಡ ಮಾಡು, ಚುಕ್ಕಿಗೊಂದು ಗೆರೆ ಬರುತ್ತೆ. ಮಾವನಿಗೆ ಬೇಕಾದ ಹಾಗೆ ಎಳೀತೀಯಾ?" ಎಂದರು ಮೇಲ್ವಿಚಾರಕರು.

ಕೆನ್ನೆಗೆ ಹೊಡೆದಂತಾಯಿತು.

"ಅವರು ಹೇಳೋದು ಸರಿ ಪುಟ್ಟಿ," ಎಂದ ಮಾವ. "ನನ್ನ ಮುಖ ನೋಡ್ಬೇಡ."

ಗಂಟೆ ಮೂರೂ ಮೂವತ್ತೈದು. ನಿನ್ನೆಯ ಚುಕ್ಕಿಗಳನ್ನು ತೆಗೆದಿಟ್ಟೆ. ಹಳೆಯವುಗಳಲ್ಲಿ ಒಂದನ್ನು ಮುಚ್ಚುವುದು, ಉಳಿದ ದೀಪಗಳ ಬೆಳಕು ಅದರ ಮೇಲೆ ಎಷ್ಟು ಬಿತ್ತೆಂದು ನೋಡುವುದು, ಆಮೇಲೆ ಇನ್ನೊಂದನ್ನು; ಬತ್ತಿಯ ಒಂದೊಂದು ಉದ್ದಕ್ಕೂ ಹೀಗೆಯೇ. ಎಲ್ಲ ದೀಪಕ್ಕೂ ಎಣ್ಣೆ ಒಂದೇ ಅಳತೆ. ಬತ್ತಿ ಗಿಡ್ಡವಾದರೆ ಬೆಳಕು ಮುಟ್ಟದು, ಉದ್ದವಾದರೆ ಹರಡಿ ತೆಳುವಾಗುತ್ತದೆ. ಮುಚ್ಚಿಟ್ಟ ಚುಕ್ಕಿಗಳನ್ನು ಚೆನ್ನಾಗಿ ಬೆಳಗಿದ ಬತ್ತಿಯೇ ಸರಿ. ಬತ್ತಿ ಆಯುವ ಕೆಲಸ ಕಂಪ್ಯೂಟರಿನದು, ನನ್ನದಲ್ಲ. ಗುಂಡಿ ಒತ್ತಿ ಕೈ ಕಟ್ಟಿ ಕೂತೆ.

ಮೂರೂ ಐವತ್ತಕ್ಕೆ ಫೋನು ಬಂತು. ಹಾಸಿಗೆ ಲಿಫ್ಟಿನ ಬಾಗಿಲಿಗೆ ಬಂದಿದೆಯಂತೆ.

"ಒಂದ್ನಿಮಿಷ ತಡೀರಿ," ಎಂದರು ಮೇಲ್ವಿಚಾರಕರು. ಅವರ ಹಣೆಯೂ ಬೆವರಿತ್ತು. ಮಾವ ಲಿಫ್ಟಿನ ಬೀಗದ ಕೈಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

ಕೊನೆಗೂ ಬತ್ತಿ ಗೊತ್ತಾಯಿತು. ನನ್ನದಕ್ಕಿಂತ ಉದ್ದ! ಗೆರೆ ಕೆಳಗಿನ ಗುಂಪನ್ನು ಬಳಸಿ ಮೇಲಕ್ಕೆ ಚಾಚಿತು, ಇನ್ನೇನು ಆಚೆ ಗುಂಪನ್ನು ಮುಟ್ಟಿತು ಅನ್ನುವಷ್ಟರಲ್ಲಿ ಹಿಂದಕ್ಕೆ ತಿರುಗಿ ತನ್ನ ಬಾಲವನ್ನೇ ಸೇರಿತು. ಆಮೇಲೆ ಎರಡನೆಯ ಊರು ಬೇರೆಯಾಗಿ ಮೂಡಿತು.

ನಿನ್ನೆಯ ಚುಕ್ಕಿಗಳನ್ನು ಮತ್ತೆ ಇಟ್ಟೆ. ಎರಡು ಒಳಗೆ, ಒಂಬತ್ತು ಕತ್ತಲಲ್ಲಿ.

ಮೇಲ್ವಿಚಾರಕರು ಬೆರಳಿಟ್ಟು ಎರಡು ಸಲ ಎಣಿಸಿದರು. ಫೋನಿಗೆ, "ಹಾಸಿಗೆ ವಾಪಸ್ ವಾರ್ಡಿಗೆ ತಗೊಂಡ್ಹೋಗಿ. ಲಿಫ್ಟ್ ನಿಲ್ಲಿಸ್ತಿದೀವಿ," ಎಂದರು.

ಮಾವ ಬೀಗದ ಕೈ ಹಿಡಿದು ಎದ್ದ. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಮುದ್ರಣ ಯಂತ್ರದಿಂದ ಬಿಸಿ ಕಾಗದ ಎಳೆದು ಅವನ ಕೈಗಿಟ್ಟೆ.

"ತಗೋ ಮಾವ, ಗೆರೆ."