ಔರಾದದ ಪಾಚಿಗಲ್ಲು

ಹೈದರಾಬಾದ್ ಸೀಮೆಯಲ್ಲಿ ಪೊಲೀಸ್ ಆ್ಯಕ್ಷನ್ ಮುಗಿದು ಇನ್ನೂ ಊರೂರುಗಳಲ್ಲಿ ಹೊಗೆಯ ವಾಸನೆ ಆರಿರಲಿಲ್ಲ. ಭಾಲ್ಕಿಯಲ್ಲಿ ಮನ್ಮಥಪ್ಪನ ಎತ್ತಿನ ಗಾಡಿಯಿಂದ ಆಬೇದಾ ಇಳಿದಾಗ ಅವಳ ಮಡಿಲಲ್ಲಿ ಒಂದು ದೊಡ್ಡ ಮಣ್ಣಿನ ಹರವಿ ಇತ್ತು. ಅದರೊಳಗೆ ನೀರು, ಪಾಚಿ ಹಿಡಿದ ಒಂದು ಕಲ್ಲು, ಬಂಗಾರದ ಬಣ್ಣದ ಮೀನುಗಳು. ಮನೆ ಬಿಟ್ಟು ಓಡುವಾಗ ಬೇರೆಯವರು ಒಡವೆ ಕಟ್ಟಿಕೊಳ್ಳುತ್ತಾರೆ, ಇವಳು ಮೀನು ಎತ್ತಿಕೊಂಡು ಬಂದಿದ್ದಳು.

ಆ ಮೀನುಗಳೆಂದರೆ ಅವಳ ಗಂಡ ಅಮೀರ ಪಾಶಾನಿಗೆ ಜೀವ. ಔರಾದದಲ್ಲಿ ದರ್ಜಿಯಾಗಿದ್ದ ಅವನು ಜಾಗೀರದಾರನೊಬ್ಬನಿಗೆ ಶೇರವಾನಿ ಹೊಲಿದುಕೊಟ್ಟು, ಕೂಲಿಯ ಬದಲು ಮೀನುಗಳನ್ನು ಕೇಳಿ ತಂದು ಅಂಗಳದ ಕಲ್ಲುತೊಟ್ಟಿಯಲ್ಲಿ ಬಿಟ್ಟಿದ್ದ. ಗಲಾಟೆಯ ದಿನಗಳಲ್ಲಿ ಹೊರಗೆ ಹೋದವನು ತಿರುಗಿ ಬರಲಿಲ್ಲ. ಹೊಲದಂಚಿನಲ್ಲಿ ಅವನನ್ನು ಮಣ್ಣು ಮಾಡಿದ್ದಾರೆಂದು ಆಮೇಲೆ ತಿಳಿಯಿತು.

ಸುದ್ದಿ ಕೇಳಿದೊಡನೆ ಗಾಡಿ ಕಟ್ಟಿದವನು ಭಾಲ್ಕಿಯ ಅರಿವೆ ಅಂಗಡಿಯ ಮನ್ಮಥಪ್ಪ. ರಜಾಕಾರರ ಹಾವಳಿಯಲ್ಲಿ ಅವನೂ ಹೆಂಡತಿ ಸತ್ಯಮ್ಮನೂ ಸಂಸ್ಥಾನದ ಗಡಿ ದಾಟಲು ಹೋಗಿ ಸಿಕ್ಕಿಬೀಳುವಂತಾದಾಗ, ಅಮೀರ ಪಾಶಾ ತನ್ನ ಒಳಕೋಣೆಯಲ್ಲಿ ಅವರನ್ನು ಬಚ್ಚಿಟ್ಟು ಕಾಪಾಡಿದ್ದ.

"ಇದು ನಿನ್ನ ತವರಮನಿ ಅಂತ ತಿಳಕೋ, ತಂಗಿ," ಎಂದಿದ್ದ ಮನ್ಮಥಪ್ಪ. ಆಬೇದಾ ತಲೆಯಾಡಿಸಿದ್ದಳು.

ಹರವಿಯಲ್ಲಿ ಮೀನುಗಳಿಗೆ ಹೊರಳಲೂ ಜಾಗವಿರಲಿಲ್ಲ. ಲೂಟಿಯಾದ ಅಂಗಡಿಯಲ್ಲಿ ದೊಡ್ಡ ಗಾಜಿನ ಕಪಾಟು ಹೇಗೋ ಒಡೆಯದೆ ಉಳಿದಿತ್ತು. ಮನ್ಮಥಪ್ಪ ಬಡಗಿಯನ್ನು ಕರೆಸಿ ಅದರ ದಪ್ಪ ಗಾಜುಗಳನ್ನು ಸಾಗುವಾನಿ ಚೌಕಟ್ಟಿಗೆ ಕೂರಿಸಿ, ಸಂದುಗಳಿಗೆ ರಾಳ ತುಂಬಿಸಿ, ಪಡಸಾಲೆಯಲ್ಲಿ ಆಳುದ್ದದ ತೊಟ್ಟಿ ಮಾಡಿಸಿದ. ಬಾವಿಯ ನೀರು ತುಂಬಿ ಮೀನು ಬಿಟ್ಟಾಗ ಓಣಿಯ ಹೆಂಗಸರೆಲ್ಲ ಬಂದು ನೋಡಿದರು. ಗಂಡ ಹೋದ ಮೇಲೆ ಆಬೇದಾ ಅವತ್ತು ಮೊದಲ ಸಲ ನಕ್ಕಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ನೀರು ಮಸುಕಾಯಿತು. ಆಮೇಲೆ ಹಿಟ್ಟು ಕಲಸಿದ ಹಾಗೆ ಬೆಳ್ಳಗಾಗಿ ಮೀನುಗಳೇ ಕಾಣದಾದವು.

"ಹೊಲಸ ನೀರದು. ಚೆಲ್ಲಿ ಹೊಸಾದು ಹಾಕೂಣ," ಎಂದಳು ಸತ್ಯಮ್ಮ. ಇಬ್ಬರೂ ಸೇರಿ ನೀರು ಚೆಲ್ಲಿದರು, ಗಾಜು ತಿಕ್ಕಿದರು, ಬಾವಿಯಿಂದ ಸೇದಿ ಸೇದಿ ತುಂಬಿದರು. ನೀರು ಮತ್ತೆ ಬೆಳ್ಳಗಾಯಿತು. ಮೀನುಗಳು ಸೊರಗಿವೆಯೆಂದು ಸತ್ಯಮ್ಮ ಹೋಗುವಾಗ ಬರುವಾಗ ರೊಟ್ಟಿಯ ಪುಡಿ ಉದುರಿಸಿದಳು. ಚೆಲ್ಲುವುದು, ತುಂಬುವುದು ದಿನದ ಕೆಲಸವೇ ಆಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡತೊಡಗಿದವು. ಒಂದು ಸತ್ತು ತೇಲಿತು. ಬಾಲ ಹರಿದು ನಿತ್ರಾಣವಾಗಿದ್ದ ಇನ್ನೊಂದನ್ನು ಆಬೇದಾ ಎತ್ತಿ, ಪಾಚಿಗಲ್ಲು ಒಳಗೇ ಉಳಿದಿದ್ದ ಹಳೆಯ ಹರವಿಗೆ ಬಿಟ್ಟಳು. ಅಲ್ಲಿಯಾದರೂ ನೆಮ್ಮದಿಯಿಂದ ಸಾಯಲಿ ಎಂದು.

"ಅಕ್ಕಾ, ನಾ ಹೈದರಾಬಾದಿಗಿ ತಮ್ಮನ ಹತ್ತಿರ ಹೋಗ್ತೇನಿ," ಎಂದಳು ಒಂದು ಬೆಳಿಗ್ಗೆ. "ನಾ ಕಾಲಿಟ್ಟ ಕಡಿ ಏನೂ ಉಳಿಯೂದಿಲ್ಲ. ಮೀನ ಸುದ್ದಾ."

ಸತ್ಯಮ್ಮನಿಗೆ ಸಿಟ್ಟು ಬಂತು. "ಸುಮ್ಮ ಕೂಡು! ನೀರ ಕೆಟ್ಟರ ನಿನ್ನ ಕಾಲಗುಣ ಏನ ಮಾಡತದ?" ಎಂದವಳು ಮಾತಿನ ನಡುವೆ ಹರವಿಯೊಳಗೆ ಇಣುಕಿ ಹಾಗೆಯೇ ನಿಂತಳು. "ಆಬೇದಾ, ಇಲ್ಲಿ ನೋಡು ಬಾ."

ಹರವಿಯ ನೀರು ತಿಳಿಯಾಗಿತ್ತು. ಹರಿದ ಬಾಲದ ಮೀನು ಪಾಚಿಗಲ್ಲಿನ ಸುತ್ತ ಚುರುಕಾಗಿ ಓಡಾಡುತ್ತಿತ್ತು.

"ಇದನ್ನ ನಾವು ತೊಳದೇ ಇಲ್ಲ," ಎಂದಳು ಸತ್ಯಮ್ಮ ನಿಧಾನವಾಗಿ.

ಆಬೇದಾ ಕಲ್ಲನ್ನು ಮುಟ್ಟಿ ನೋಡಿದಳು. ಜಾರುತ್ತಿತ್ತು. ಔರಾದದ ತೊಟ್ಟಿಯನ್ನೂ ಗಂಡ ಎಂದೂ ಉಜ್ಜಿರಲಿಲ್ಲ, ಅವಳು ಉಜ್ಜಲು ಹೋದರೆ ಬಿಡುತ್ತಿರಲಿಲ್ಲ. "ಈ ಪಾಚೀನೇ ನೀರ ತಿಳಿ ಇಡತದ ಅಕ್ಕಾ. ಆದರ ಅಷ್ಟು ದೊಡ್ಡ ತೊಟ್ಟಿಗಿ ಇದೊಂದು ಕಲ್ಲ ಎಲ್ಲಿ ಸಾಲತದ? ಇಂಥಾವು ಇರೋದು..." ಎಂದು ತಡೆದಳು. ಇರುವುದು ಔರಾದದಲ್ಲಿ. ಆ ಊರಿನ ಹೆಸರನ್ನು ಅವಳು ಬಂದಾಗಿನಿಂದ ಬಾಯಿಗೆ ತಂದಿರಲಿಲ್ಲ.

"ನಾನೂ ಬರ್ತೇನಿ," ಎಂದಳು ಸತ್ಯಮ್ಮ. "ಇವರೂ ಬರ್ತಾರ."

ರೈಲಿನಲ್ಲಿ ಕಮಲನಗರಕ್ಕೆ, ಅಲ್ಲಿಂದ ಬಾಡಿಗೆ ಗಾಡಿಯಲ್ಲಿ ಔರಾದಕ್ಕೆ ಮೂವರೂ ಹೋದರು. ಮನೆಗೆ ಸೂರಿರಲಿಲ್ಲ, ಬಾಗಿಲೂ ಇರಲಿಲ್ಲ. ಕಲ್ಲುತೊಟ್ಟಿ ಮಾತ್ರ ಮಳೆನೀರು ತುಂಬಿಕೊಂಡು ಹಸಿರಾಗಿ ನಿಂತಿತ್ತು. ಆಬೇದಾ ಅದರ ಕಟ್ಟೆ ಹಿಡಿದು ಕುಳಿತು ಅತ್ತಳು. ಸತ್ಯಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕುಳಿತಳು.

ಕಣ್ಣೊರೆಸಿ ತಲೆಯೆತ್ತಿದಾಗ ಪಕ್ಕದ ಮನೆಯ ಹೀರಾಬಾಯಿಯ ದನದ ಕೊಟ್ಟಿಗೆ ಕಂಡಿತು. ಅದಕ್ಕೆ ಹಾಕಿದ್ದ ಬಾಗಿಲು ಆಬೇದಾಳ ಮನೆಯದು. ಹೀರಾಬಾಯಿ ಅಲ್ಲೇ ನಿಂತಿದ್ದಳು.

"ಭಾಬಿ, ನಮ್ಮ ಮನಿಯವರು ಈ ಬಾಗಲಾ ಕಿತ್ತಕೊಂಡ ಬಂದರು. ರಜಾಕಾರರು ನಮ್ಮ ಕೊಟ್ಟಗಿಗಿ ಬೆಂಕಿ ಹಚ್ಚಿದ್ದರು, ಖರೆ, ಆದರ ಅದು ನೀವು ಹಚ್ಚಿದ್ದಲ್ಲ. ನನಗ ಬ್ಯಾಡ ಅನ್ನಲಿಕ್ಕ ಧೈರ್ಯ ಆಗಲಿಲ್ಲ. ಈಗಿಂದೀಗ ತಗಸ್ತೇನಿ."

ಬೈಯಬೇಕೆಂದು ಆಬೇದಾಳ ಬಾಯಿಗೆ ಬಂದಿತ್ತು. ಬಾಗಿಲ ಹಿಂದೆ ಒಂದು ಎಳೆಗರು ಮಲಗಿತ್ತು. ಕಿತ್ತರೂ ಆ ಬಾಗಿಲನ್ನು ಹಾಕಲು ತನಗೊಂದು ಮನೆ ಎಲ್ಲಿದೆ?

"ಇರ್ಲಿ ಬಿಡ್ರಿ," ಎಂದಳು. "ಚಳಿಗಿ ಕರಾ ನಡಗತದ."

ಪಾಚಿಗಲ್ಲಿಗಾಗಿ ಬಂದದ್ದೆಂದು ಸತ್ಯಮ್ಮ ಹೇಳಿದೊಡನೆ ಹೀರಾಬಾಯಿ ಸೀರೆ ಎತ್ತಿಕಟ್ಟಿ ತೊಟ್ಟಿಗಿಳಿದಳು. ತಳ ತಡಕಿ ತಡಕಿ ಪಾಚಿಗಲ್ಲುಗಳನ್ನು ಎತ್ತಿ ಎತ್ತಿ ಕೊಟ್ಟಳು. ಅವು ಒಣಗದಂತೆ ಮನ್ಮಥಪ್ಪ ಒದ್ದೆ ಗೋಣಿಯಲ್ಲಿ ಸುತ್ತಿದ. ಹೊರಡುವಾಗ ಹೀರಾಬಾಯಿ ಆಬೇದಾಳ ಕೈಹಿಡಿದು, ಅಮೀರ ಪಾಶಾನನ್ನು ಮಣ್ಣು ಮಾಡಿದ ಜಾಗಕ್ಕೆ ತಾನೇ ಕರೆದುಕೊಂಡು ಹೋದಳು. ಯಾರೋ ಅದರ ಸುತ್ತ ಮುಳ್ಳಿನ ಬೇಲಿ ಕಟ್ಟಿದ್ದರು. ಯಾರೆಂದು ಆಬೇದಾ ಕೇಳಲಿಲ್ಲ.

ಭಾಲ್ಕಿಗೆ ಬಂದು ಕಲ್ಲುಗಳನ್ನು ಗಾಜಿನ ತೊಟ್ಟಿಯ ತಳಕ್ಕಿಟ್ಟರು. ಮೊದಮೊದಲು ಏನೂ ಬದಲಾಗಲಿಲ್ಲ. ಸತ್ಯಮ್ಮ ಕೊಡ ಹಿಡಿದು ಬಂದಾಗಲೆಲ್ಲ ಆಬೇದಾ ಅಡ್ಡ ನಿಲ್ಲುತ್ತಿದ್ದಳು. "ಬ್ಯಾಡ ಅಕ್ಕಾ, ನಾಕ ದಿನ ತಡೀರಿ. ರೊಟ್ಟಿಪುಡಿನೂ ಚಿಟಿಕಿ ಹಾಕಿದರ ಸಾಕು."

ಕಾಯುವುದು ಚೆಲ್ಲಿ ತುಂಬುವುದಕ್ಕಿಂತ ಕಷ್ಟವಾಗಿತ್ತು. ಒಂದು ದಿನ ಕಸ ಗುಡಿಸುತ್ತಿದ್ದ ಆಬೇದಾಳಿಗೆ ತೊಟ್ಟಿಯ ಆಚೆ ಗೋಡೆಯ ಗೂಡು ಮಬ್ಬಾಗಿ ಕಂಡಿತು. ಮರುದಿನ ಗೂಡಿನಲ್ಲಿದ್ದ ವಿಭೂತಿಗಟ್ಟಿಯೂ ಕಂಡಿತು. ಮೀನುಗಳು ತಳಕ್ಕಿಳಿದು ಕಲ್ಲು ಕಚ್ಚುತ್ತ ಆಡುತ್ತಿದ್ದವು.

"ಏನ್ರಿ, ಬರ್ರಿ ಇಲ್ಲಿ!" ಎಂದು ಸತ್ಯಮ್ಮ ಗಂಡನನ್ನು ಕೂಗಿದಳು.

ಮನ್ಮಥಪ್ಪ ಬಂದು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, "ಹೈದರಾಬಾದಿಗಿ ಯಾವಾಗ ಹೋಗಾಕಿ, ತಂಗಿ?"

"ಅಣ್ಣಾ, ನಿಮ್ಮ ಅಂಗಡ್ಯಾಗ ಕುಬಸದ ಅರಿವಿ ಬಂದದಂತಲ್ಲ," ಎಂದಳು ಆಬೇದಾ ಗಾಜಿನಿಂದ ಕಣ್ಣು ತೆಗೆಯದೆ. "ನನಗೂ ಹೊಲೀಲಿಕ್ಕ ಬರತದ. ಕತ್ತರಿ ಒಂದು ಕೊಡಸ್ರಿ."