ಮುಟ್ಟಬಾರದ ಬುಟ್ಟಿ

ಅಣ್ಣನ ಮಗಳು ನನ್ನ ಪ್ರೆಸ್ಸಿನ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿ, "ಈಗ ನೋಡಿ ಚಿಕ್ಕಪ್ಪ, ಹೇಗೆ ಓಡುತ್ತೆ" ಎಂದಳು. ಓಡುವುದಿರಲಿ, ಎಲ್ಲಿ ಒತ್ತಬೇಕೆಂದೇ ನನಗೆ ತಿಳಿಯಲಿಲ್ಲ. ಪರದೆ ಬೋಳುಬೋಳಾಗಿತ್ತು.

"ನನ್ನ ಕೆಲಸ ಎಲ್ಲಾ ಎಲ್ಲಿ ಹೋಯ್ತೇ?"

"ಬೇಕಾಗಿದ್ದನ್ನೆಲ್ಲ ಉಳಿಸಿದ್ದೀನಿ. ಯಾಕಿಷ್ಟು ಗಾಬರಿ?"

ತಿದ್ದಿ ಮುಗಿದ ಕರಡುಗಳನ್ನು ಮೇಜಿನ ಕೆಳಗಿನ ಕಸದ ಬುಟ್ಟಿಗೆ ಹಾಕಿಡುವುದು, ಪುಸ್ತಕ ಅಚ್ಚಾಗುವ ತನಕ ಅದನ್ನು ಯಾರೂ ಮುಟ್ಟದಿರುವುದು ನಮ್ಮಲ್ಲಿ ಮೂವತ್ತು ವರ್ಷಗಳ ರೂಢಿ. ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ನಾನು ಹಾಗೇ ಹಾಕಿಡುತ್ತಿದ್ದೆ. ನಾಳೆ ಅಚ್ಚಿಗೆ ಹೋಗಬೇಕಾದ ಇನ್ನೂರು ಪುಟಗಳು ಅದರಲ್ಲೇ ಇದ್ದವು.

ಪರದೆಯ ಮೂಲೆಯಲ್ಲಿ ಬುಟ್ಟಿಯ ಚಿತ್ರ ಕಂಡು ಹೋದ ಜೀವ ಬಂದಂತಾಯಿತು. ಒತ್ತಿದೆ.

"ಅದರಲ್ಲೇನ್ ಹುಡುಕ್ತೀರಿ?" ಅವಳು ನಕ್ಕಳು. "ಹಳೇ ಕಸಾನೆಲ್ಲ ಮೊದಲೇ ಗುಡಿಸಿ ಹಾಕಿದೆ."