ಶ್ರುತಿಪೆಟ್ಟಿಗೆ ಹಿಡಿದು ಒಂದು ಸಾವಿರ ವರ್ಷ

1.
ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬೆಳೆದುಬಂದ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ನನ್ನ ಮೊದಲ ಕರಡು ಯೂರೋಪಿನ ಒಂದು ತಣ್ಣನೆಯ ಮಠದಲ್ಲಿ ಶುರುವಾಗಿತ್ತು. ಸನ್ಯಾಸಿಗಳು ಒಂದೇ ದನಿಯಲ್ಲಿ ಪ್ರಾರ್ಥನೆ ಹಾಡುತ್ತಿದ್ದರು. ನಾನು ಓದಿದ್ದು ಭೌತಶಾಸ್ತ್ರ. ಹೀಗಾಗಿ ಎರಡನೇ ಪ್ಯಾರಾದಲ್ಲೇ, ಆ ಕಲ್ಲಿನ ಗೋಡೆಗಳ ನಡುವೆ ದನಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕತೊಡಗಿದೆ. ಸನ್ಯಾಸಿಗಳು ಬೇಜಾರಾಗಿ ಎದ್ದುಹೋದರು. ಅದನ್ನು ಅಳಿಸಿದ್ದೇನೆ. ನೀವೇನೂ ಕಳೆದುಕೊಂಡಿಲ್ಲ.

1, ಮತ್ತೊಮ್ಮೆ.
ಕಡಲಾಚೆಯ ಜುರಾಂಗ್ ಈಸ್ಟ್‌ನ ಒಂದು ಕಾಂಡೊ ಅಪಾರ್ಟ್‌ಮೆಂಟ್. ಭಾನುವಾರ ಸಂಜೆ, ಫಂಕ್ಷನ್ ರೂಮಿನಲ್ಲಿ ಕನ್ನಡ ಕುಟುಂಬಗಳು ಸೇರಿವೆ. ಮೂಲೆಯಲ್ಲೊಂದು ಭವ್ಯ ಪಿಯಾನೊ, ಅದರ ಮುಂದೆ ಹದಿನೇಳರ ಲಾಸ್ಯಾ.

"ಅಂಕಲ್, ಭವ್ಯ ಅಂತೆಲ್ಲ ಬರೀಬೇಡಿ. ಇದು ಡಿಜಿಟಲ್. ಸ್ಟ್ಯಾಂಡ್ ಬೇರೆ ಅಲ್ಲಾಡ್ತಿದೆ."

"ಕಥೇಲಾದ್ರೂ ಒಳ್ಳೇದಿರ್ಲಿ ಬಿಡಮ್ಮ."

"ಆಮೇಲೆ ಅದನ್ನ ಟ್ಯೂನ್ ಮಾಡ್ಸೋರು ಯಾರು, ನೀವಾ?"

ಸರಿ. ಡಿಜಿಟಲ್. ಸ್ಟ್ಯಾಂಡ್ ಅಲ್ಲಾಡುತ್ತಿದೆ.

ಮುಂದಿನ ಸಾಲಿನಲ್ಲಿ ಅವಳ ಅಮ್ಮ ವಿನುತಾ. ಒನ್-ನಾರ್ತ್ ಬಡಾವಣೆಯ ಕಂಪನಿಯೊಂದರಲ್ಲಿ ಡೇಟಾ ಅನಲಿಸ್ಟ್. ಮೈಸೂರಿನಲ್ಲಿದ್ದಾಗ ಚೆನ್ನಾಗಿ ಕರ್ನಾಟಕ ಸಂಗೀತ ಕಲಿತವರು. ಮಗಳು ಎಂಜಿನಿಯರಿಂಗ್ ಸೇರಲಿ ಎಂಬುದು ಅವರ ಆಸೆ. ಲಾಸ್ಯಾಗೆ ಸಂಗೀತದ ಕಾಲೇಜೇ ಬೇಕು. ಬರುವ ಶನಿವಾರ ಅದರ ಆಡಿಷನ್. ಜಗಳ ಕೊನೆಗೆ ಒಂದು ಒಪ್ಪಂದಕ್ಕೆ ಬಂದು ನಿಂತಿದೆ: "ಅದ್ರಲ್ಲಿ ಅಂಥದ್ದೇನಿದೆ ಅಂತ ನಂಗೆ ಅರ್ಥ ಮಾಡ್ಸು. ಅರ್ಥ ಆದ್ರೆ ಹೋಗು."

ಸಾವಿರ ವರ್ಷದ ಸಂಗೀತವನ್ನು ಲಾಸ್ಯಾ ಈ ಸಂಜೆಯೊಳಗೆ ಅರ್ಥ ಮಾಡಿಸಬೇಕು. ಬಿಸಿಬೇಳೆಬಾತ್ ಆರುವುದರೊಳಗೆ, ಎಂದರೆ ಇನ್ನೂ ಕರಾರುವಾಕ್ಕು.

2.
ಲಾಸ್ಯಾ ಮೊದಲ ಸ್ವರ ಒತ್ತಿದಳು. ವಿನುತಾ ಅವರ ಕೈ ತಾನಾಗಿಯೇ ಬ್ಯಾಗಿನಿಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತೆಗೆದು, ಆ ಸ್ವರಕ್ಕೆ ಹೊಂದಿಸಿ, ಆನ್ ಮಾಡಿತು. ಷಡ್ಜ, ಪಂಚಮ, ಷಡ್ಜ. ಶ್ರುತಿಯಿಲ್ಲದೆ ಸಂಗೀತ ಕೇಳುವುದು ಅವರಿಗೆ ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ಹೋದಂತೆ.

ಮಠದ ಪ್ರಾರ್ಥನೆ ಒಂದೇ ಬೆರಳಿನಲ್ಲಿ ನಡೆಯಿತು. (ನನ್ನ ಸನ್ಯಾಸಿಗಳು ಕೊನೆಗೂ ಒಳಗೆ ಬಂದರು.) ಶ್ರುತಿಗೆ ಚೆನ್ನಾಗಿಯೇ ಕೂತಿತು. ಆಮೇಲೆ ಅದೇ ರಾಗದ ಜೊತೆಗೆ ಎರಡನೆಯ ದನಿ ಸೇರಿತು. ಅದೂ ಕೂತಿತು.

"ಇದು ನಮ್ದೇ ಅಲ್ವೇನೆ!" ವಿನುತಾ ತಲೆದೂಗಿದರು.

"ಎಲ್ಲಾ ನಮ್ಮಿಂದ್ಲೇ ಹೋಗಿದ್ದು," ಎಂದರು ಹಿಂದಿನ ಸಾಲಿನ ಗೋಪಿನಾಥ್ ಅಂಕಲ್. ಪ್ರತಿ ಕಾರ್ಯಕ್ರಮದಲ್ಲೂ ಅವರು ಹೇಳುವ ಮಾತು ಅದು.

3.
ಬರೋಕ್ ಕಾಲ, ಎಂದರೆ ಹದಿನೇಳನೇ ಶತಮಾನದ ಆಸುಪಾಸು. ಒಂದು ರಾಗ ಬಂತು, ಅದನ್ನೇ ಅನುಕರಿಸುತ್ತ ಇನ್ನೊಂದು ಬಂತು, ಬೆನ್ನಿಗೇ ಮೂರನೆಯದು.

"ನಮ್ಮ ಕಾಂಡೊ ಮೀಟಿಂಗ್ ಥರಾನೇ ಇದೆ. ಎಲ್ರೂ ಒಟ್ಟಿಗೇ ಮಾತಾಡ್ತಾರೆ," ಗೋಪಿನಾಥ್.

"ಹೌದಂಕಲ್. ಆದ್ರೆ ಇಲ್ಲಿ ಒಬ್ರು ಹೇಳಿದ್ದನ್ನ ಇನ್ನೊಬ್ರು ಕೇಳಿಸ್ಕೊಳ್ತಾರೆ."

ಎಲ್ಲರೂ ನಕ್ಕರು. ಅಷ್ಟರಲ್ಲಿ ರಾಗಗಳೆಲ್ಲ ಒಟ್ಟಾಗಿ ಬೇರೊಂದು ಸ್ವರಕ್ಕೆ ಹೋಗಿ ಬಿಡಾರ ಹೂಡಿದವು. ಶ್ರುತಿಪೆಟ್ಟಿಗೆ ಹಳೆಯ ಜಾಗದಲ್ಲೇ ಗುಂಯ್‌ಗುಡುತ್ತಿತ್ತು. ಕಿವಿಗೆ ಮರಳು ಬಿದ್ದ ಹಾಗಾಯಿತು.

"ಶ್ರುತಿ ಬಿಟ್ಟೆ! ಗಾಂಧಾರಾನೂ ಏರಿದೆ!"

"ಬಿಟ್ಟಿಲ್ಲಮ್ಮ, ಶಿಫ್ಟ್ ಆದೆ."

"ಷಡ್ಜ ಎಲ್ಲಾದ್ರೂ ಶಿಫ್ಟ್ ಆಗತ್ತೇನೆ?"

"ಮೈಸೂರಿಂದ ನೀನು ಆಗ್ಲಿಲ್ವಾ?"

(ಭೌತಶಾಸ್ತ್ರ ಸುಮ್ಮನಿರುವುದಿಲ್ಲ, ಕ್ಷಮಿಸಿ. ಗಾಂಧಾರದ ವಿಷಯದಲ್ಲಿ ವಿನುತಾ ಹೇಳಿದ್ದು ನಿಜ. ಪಿಯಾನೊದಲ್ಲಿ ಷಡ್ಜದಿಂದ ಮೇಲಿನ ಷಡ್ಜದವರೆಗಿನ ಅಂತರವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಹಾಗಾಗಿ ನಡುವಿನ ಸ್ವರಗಳೆಲ್ಲ ತಮ್ಮ ಸಹಜ ಜಾಗದಿಂದ ಚೂರುಚೂರು ಸರಿದಿರುತ್ತವೆ. ಯಾವುದೂ ಪೂರ್ತಿ ಸರಿಯಿಲ್ಲ. ಆದ್ದರಿಂದಲೇ ಯಾವುದನ್ನು ಬೇಕಾದರೂ ಮನೆ ಮಾಡಿಕೊಳ್ಳಬಹುದು. ಈ ವಾಕ್ಯ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. "ಡೀಪ್ ಆಗೋಕೆ ಹೋಗ್ಬೇಡಿ ಲಾ, ಅಂಕಲ್," ಎಂದಳು ಲಾಸ್ಯಾ, ಈ ಊರಿನವರ 'ಲಾ' ಸೇರಿಸಿ.)

4.
ಇಲ್ಲಿ ಕಥೆ ಮುಗಿಸಲು ನನ್ನ ಬಳಿ ಎರಡು ದಾರಿಗಳಿದ್ದವು.

ಒಂದು: ವಿನುತಾ ಕಣ್ಣೀರು ಒರೆಸಿಕೊಂಡು, ಪೆಟ್ಟಿಗೆ ಆಫ್ ಮಾಡಿ, ಮಗಳನ್ನು ತಬ್ಬಿಕೊಳ್ಳುತ್ತಾರೆ.

"ನಾಲ್ಕ್ ಜನದ ಮುಂದೆ ಅಳೋಳಲ್ಲ ನಾನು," ಎಂದರು ವಿನುತಾ. "ಹೊಡೆದ್ಹಾಕಿ ಅದನ್ನ."

ಇನ್ನೊಂದು: ಪೆಟ್ಟಿಗೆಯ ಬ್ಯಾಟರಿ ಮುಗಿಯುತ್ತದೆ.

"ಚೀಟಿಂಗ್," ಎಂದಳು ಲಾಸ್ಯಾ. "ಅಮ್ಮ ಒಪ್ಪಬೇಕು. ಬ್ಯಾಟರಿ ಒಪ್ಪಿದ್ರೆ ಏನ್ ಬಂತು?"

ಆಮೇಲೆ ನಡೆದದ್ದು ನನ್ನ ಯಾವ ಕರಡಿನಲ್ಲೂ ಇರಲಿಲ್ಲ. ವಿನುತಾ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡು ಶ್ರುತಿಯ ಗುಂಡಿ ತಿರುಗಿಸಿದರು. ಮಗಳು ಹೋದಲ್ಲಿಗೆ.

5.
ಹದಿನೆಂಟನೇ ಶತಮಾನ ಸುಲಭವಾಗಿತ್ತು. ಸಂಗೀತ ಶಿಸ್ತಾಗಿ ಮನೆಯಿಂದ ಹೊರಟು, ಪಕ್ಕದ ಬೀದಿ ಸುತ್ತಿ, ಹೇಳಿದ ಹೊತ್ತಿಗೆ ಮರಳುತ್ತಿತ್ತು. "ಈಗ ವಾಪಸ್ ಬರತ್ತೆ ನೋಡಿ," ಎಂದು ಪಕ್ಕದವರಿಗೆ ಮೊದಲೇ ಹೇಳುವಷ್ಟು ವಿನುತಾ ಪಳಗಿದರು.

ಹತ್ತೊಂಬತ್ತನೆಯದು ಓಡಿಸಿತು. ಗುಂಡಿ ತಿರುಗಿಸಿ ಕೈ ತೆಗೆಯುವುದರೊಳಗೆ ಸಂಗೀತ ಇನ್ನೊಂದು ಊರಿಗೆ ಹೋಗಿರುತ್ತಿತ್ತು. ಜನ ನಗುತ್ತಿದ್ದರು. ವಿನುತಾ ನಗುತ್ತಿರಲಿಲ್ಲ, ತುಟಿ ಬಿಗಿದು, ಮಗಳ ಬೆರಳನ್ನೇ ನೋಡುತ್ತ ಬೆನ್ನು ಹತ್ತಿದ್ದರು.

ಇಪ್ಪತ್ತನೆಯದಕ್ಕೆ ಬಂದಾಗ ಗುಂಡಿ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಎಲ್ಲಿಯೂ ನಿಲ್ಲಲಿಲ್ಲ.

"ಲಾಸ್ಯಾ, ಇದ್ರಲ್ಲಿ ಷಡ್ಜ ಎಲ್ಲಿ?"

"ಇಲ್ಲಮ್ಮ."

"ಇಲ್ಲ ಅಂದ್ರೆ? ಎಲ್ಲಿಗೆ ವಾಪಸ್ ಬರ್ತೀಯ?"

"ಬರಲ್ಲ. ಅದಿರೋದೇ ಹಾಗೆ."

"ನಿಂಗೆ ಹೆದ್ರಿಕೆ ಆಗಲ್ವಾ?"

"ಆಗತ್ತೆ," ಎಂದಳು ಲಾಸ್ಯಾ, ಬೆರಳು ನಿಲ್ಲಿಸದೆ. "ಅದಕ್ಕೇ ಬೇಕು."

ವಿನುತಾ ಪೆಟ್ಟಿಗೆ ಆಫ್ ಮಾಡಿದರು. (ಕಣ್ಣೀರಿಲ್ಲ. ಮಾತು ಕೊಟ್ಟಿದ್ದೆ.)

6.
ಚಪ್ಪಾಳೆ ಆಯಿತು. ಜನ ತಟ್ಟೆ ಹಿಡಿದು ಸಾಲು ನಿಂತರು. ವಿನುತಾ ಕುರ್ಚಿಯಿಂದ ಏಳಲಿಲ್ಲ.

"ನಂಗರ್ಥ ಆಗ್ಲಿಲ್ಲ, ಪುಟ್ಟಾ."

ಲಾಸ್ಯಾ ನನ್ನ ಕಡೆ ತಿರುಗಿದಳು. ಒಪ್ಪಂದ ಬರೆದವನು ನಾನೇ. ಅರ್ಥ ಆದರೆ ಮಾತ್ರ ಹೋಗುವುದು. ಒಂದನೇ ಭಾಗಕ್ಕೆ ಹೋಗಿ ಅದನ್ನು ತಿದ್ದಿಬಿಡಲೇ ಎಂದು ಯೋಚಿಸಿದೆ. ಅಷ್ಟರಲ್ಲಿ ವಿನುತಾ ಕುರ್ಚಿಯನ್ನು ಕೀಬೋರ್ಡಿನ ಪಕ್ಕಕ್ಕೆ ಎಳೆದುಕೊಂಡರು.

"ಆ ಲಾಸ್ಟ್‌ದು ಇನ್ನೊಂದ್ಸಲ ಪ್ಲೇ ಮಾಡು."

"ಆಗ್ಲೂ ಅರ್ಥ ಆಗ್ಲಿಲ್ಲ ಅಂದ್ರೆ?"

"ಶನಿವಾರದ ತನಕ ಟೈಮ್ ಇದ್ಯಲ್ಲ. ಅಲ್ಲಿಗೆ ಹೋಗೋವಾಗ್ಲೂ ಹೇಳ್ತಾ ಬಾ. ಈಗ ಪ್ಲೇ ಮಾಡು."

"ಹೋಗೋವಾಗ ಅಂದ್ರೆ... ಅಮ್ಮ, ಇದು ಎಸ್ ಅಂತಾನಾ?"

"ನಾನೆಲ್ಲಿ ಎಸ್ ಅಂದೆ?"

ಈಗ ನೀವು ನನ್ನ ಮುಖ ನೋಡುತ್ತಿದ್ದೀರಿ. ಅದು ಎಸ್ ಹೌದೇ, ಅಲ್ಲವೇ? ಆಡಿಷನ್ ಏನಾಯಿತು? ಹೇಳಬಹುದಿತ್ತು. ಆದರೆ ಲಾಸ್ಯಾ ಶುರು ಮಾಡಿಬಿಟ್ಟಿದ್ದಾಳೆ, ಮತ್ತು ಯಾರಾದರೂ ನುಡಿಸುತ್ತಿರುವಾಗ ಮಾತಾಡಬಾರದು.